ಕೃಷ್ಣೆಯಾಚೆಯ ದಾರಿಯಲ್ಲಿ ಒಂದು ಹಳೆಯ ಕಾರು

ರಾಯಚೂರಿನಿಂದ ಉತ್ತರಕ್ಕೆ ಹೊರಡುವ 167ನೆಯ ರಾಷ್ಟ್ರೀಯ ಹೆದ್ದಾರಿ ಶಕ್ತಿನಗರವನ್ನು ಬಿಟ್ಟೊಡನೆ ಕೃಷ್ಣಾ ನದಿಯನ್ನು ದಾಟುತ್ತದೆ. ಅಲ್ಲಿನ ಹಳೆಯ ಸೇತುವೆ ನಿಜಾಮರ ಆಳ್ವಿಕೆಯದು. 1933ರಲ್ಲಿ ಆರಂಭವಾದ ಅದರ ಕಾಮಗಾರಿ 1943ರಲ್ಲಿ ಮುಗಿಯಿತು. ಎತ್ತಿನ ಬಂಡಿಗಳೂ ಅಪರೂಪದ ಮೋಟಾರುಗಳೂ ಓಡಾಡುತ್ತಿದ್ದ ಕಾಲದಲ್ಲಿ ಕಟ್ಟಿದ ಸೇತುವೆಯ ಮೇಲೆ ಈಚಿನ ದಶಕಗಳಲ್ಲಿ ಭಾರದ ಲಾರಿಗಳು ಹಗಲಿರುಳು ಸಾಗಿದವು. 2024ರ ಜನವರಿಯಲ್ಲಿ ದುರಸ್ತಿಗೆಂದು ಸಂಚಾರ ನಿಲ್ಲಿಸಿದಾಗ ಎರಡೂ ದಡಗಳ ಜನ ಸುತ್ತುದಾರಿ ಹಿಡಿಯಬೇಕಾಯಿತು. ಹಳೆಯ ವಸ್ತುವೊಂದು ಎಷ್ಟು ಬೇಕಾದದ್ದು ಎಂಬುದು ಅದರ ಕೆಲಸ ನಿಂತಾಗಲೇ ತಿಳಿಯುತ್ತದೆ.

ಆಚೆ ದಡದಲ್ಲಿ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲ. ರಾಜ್ಯ ಬದಲಾದರೂ ಮಾತು ಒಮ್ಮೆಲೇ ಬದಲಾಗುವುದಿಲ್ಲ. ಮಕ್ಕಳು ಕನ್ನಡದಲ್ಲಿಯೇ ಪಾಠ ಕಲಿಯುವ ಸರಕಾರಿ ಶಾಲೆಗಳು ಈ ಭಾಗದಲ್ಲಿವೆ. ಹೊಲಗಳ ನಡುವೆ ಸಾಗುವ ಈ ಹೆದ್ದಾರಿ ವಾಹನ ಪರೀಕ್ಷೆಗೆ ಒಳ್ಳೆಯ ದಾರಿ. ವರ್ಷಗಟ್ಟಲೆ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಸರಿಪಡಿಸಿದವನು ಅದನ್ನು ಇಲ್ಲಿಗೆ ತಂದನೆಂದರೆ, ಮಕ್ತಲ್ ತಲಪುವುದರೊಳಗೆ ಅವನ ಕೆಲಸದ ಗುಣವೂ ದೋಷವೂ ಬೆಳಕಿಗೆ ಬಂದಿರುತ್ತವೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿಗೆ ದಾಕ್ಷಿಣ್ಯವಿಲ್ಲ.

ಸ್ಪೋರ್ಟ್ಸ್ ಕಾರೆಂದರೆ ವಿದೇಶದ ಸಿರಿವಂತರ ವಸ್ತುವೆಂಬುದು ಸಾಮಾನ್ಯ ಭಾವನೆ. ಆದರೆ ಕನ್ನಡನಾಡಿನಲ್ಲಿಯೂ ಅಂಥ ಪ್ರಯತ್ನಗಳು ನಡೆದಿವೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ತಯಾರಿಸಿತು. ಬ್ರಿಟನ್ನಿನ ರಿಲಯಂಟ್ ಕಂಪನಿಯ ‘ಕಿಟನ್’ ಕಾರೇ ಅದರ ಮೂಲ. ಉಕ್ಕಿನ ಚಾಸಿಯ ಮೇಲೆ ಫೈಬರ್ ಗ್ಲಾಸ್ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್. ಸಂಸಾರದ ಕಾರಾಗಿ ಅದು ಹೆಚ್ಚು ಜನರ ಮನ ಗೆಲ್ಲಲಿಲ್ಲ. ಹಗುರಾಗಿದ್ದುದರಿಂದ ರ‍್ಯಾಲಿಗಳಲ್ಲಿ ಮಾತ್ರ ಹೆಸರು ಮಾಡಿತು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಹೊರತಂದ ‘ಸ್ಟಾರ್ಮ್’ ನಿಜವಾದ ಅರ್ಥದಲ್ಲಿಯೇ ಸ್ಪೋರ್ಟ್ಸ್ ಕಾರು: ಇಬ್ಬರಿಗೆ ಮಾತ್ರ ಜಾಗ, ತೆರೆಯಬಹುದಾದ ಮೇಲ್ಛಾವಣಿ, ರೆನೋ ಕಂಪನಿಯ 1149 ಸಿ.ಸಿ. ಎಂಜಿನ್. ಎರಡೂ ಕಾರುಗಳ ತಯಾರಿಕೆ ನಿಂತುಹೋಗಿದೆ. ಉಳಿದ ಕಾರುಗಳು ಉಳಿಸಿಕೊಂಡವರ ಹಟದಿಂದಲೇ ಉಳಿದಿವೆ.

ಮಕ್ತಲ್ ಹೆದ್ದಾರಿಯ ಊರು. ಪಡಮಟಿ ಆಂಜನೇಯನ ದರ್ಶನಕ್ಕೆ ಬರುವವರೂ ಮಹಬೂಬನಗರದ ಕಡೆಗೆ ಹೋಗುವವರೂ ಇಲ್ಲಿ ಇಳಿಯುತ್ತಾರೆ. ಇಂಥ ಊರುಗಳ ಗ್ಯಾರೇಜುಗಳಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಪೆಟ್ಟಿಗೆಯ ಸಾಮಾನುಗಳಂತೆ ಬೆರೆತಿರುತ್ತವೆ. ಒಬ್ಬ ‘ಪಾನಾ’ ಕೇಳಿದರೆ ಮತ್ತೊಬ್ಬ ಸ್ಪ್ಯಾನರ್ ಎತ್ತಿಕೊಡುತ್ತಾನೆ. ಟ್ರ್ಯಾಕ್ಟರು, ಆಟೊ, ಬೈಕುಗಳನ್ನು ಸರಿಪಡಿಸುವ ಕೈಗಳಿಗೆ ಹಳೆಯ ಕಾರು ಅಪರಿಚಿತವಾದರೂ ಅದರ ರೋಗಗಳು ಅಪರಿಚಿತವಲ್ಲ.

ಮೊದಲನೆಯ ರೋಗ ಬಿಸಿಯದು. ಡಾಲ್ಫಿನ್ನಿನ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಒಡಲಿನೊಳಗೆ ಎರಕದ ಕಬ್ಬಿಣದ ಸಿಲಿಂಡರ್ ಕೊಳವೆಗಳು ಕುಳಿತಿರುತ್ತವೆ. ಅವುಗಳ ಸುತ್ತ ನೀರು ಹರಿಯುತ್ತದೆ. ಎರಡು ಲೋಹಗಳು ನೀರಿನಲ್ಲಿ ಕೂಡಿದಾಗ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ತುಂಬಿದರೆ ಒಳಗೆಲ್ಲ ಸುಣ್ಣದ ಪದರು ಕಟ್ಟಿ ನೀರಿನ ಹಾದಿ ಮುಚ್ಚುತ್ತದೆ. ಎಂಜಿನ್ ಕಾದು, ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಡುತ್ತದೆ. ಬಟ್ಟಿ ಇಳಿಸಿದ ನೀರಿಗೆ ಕೂಲಂಟ್ ಬೆರೆಸಿ ಹಾಕಿದ್ದರೆ ತಪ್ಪುತ್ತಿದ್ದ ಕೆಡುಕು ಅದು. ತಪ್ಪದಿದ್ದಾಗ ತಿಂಗಳುಗಳ ಕೆಲಸ.

ಎರಡನೆಯದು ಕಾಣದ ತುಕ್ಕು. ಫೈಬರ್ ಗ್ಲಾಸಿನ ಮೈಗೆ ತುಕ್ಕು ಹಿಡಿಯುವುದಿಲ್ಲವೆಂದು ಹಿಗ್ಗಿದವನು ಕಾರನ್ನು ಮೇಲೆತ್ತಿ ನೋಡಿದಾಗ ಅದನ್ನು ಹೊತ್ತ ಉಕ್ಕಿನ ಚಾಸಿಯೇ ಟೊಳ್ಳಾಗಿರುವುದು ಕಾಣಬಹುದು. ಮೂರನೆಯದು ಪೆಟ್ರೋಲು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಹಿಂದಿನ ಕಾಲದ ರಬ್ಬರ್ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಅದು ಮೆತ್ತಗಾಗಿಸಿ ಹಾಳುಮಾಡುತ್ತದೆ. ಆದ್ದರಿಂದ ಇಂಧನದ ಹಾದಿಯಲ್ಲಿರುವ ರಬ್ಬರನ್ನೆಲ್ಲ ಹೊಸ ಬಗೆಯದಕ್ಕೆ ಬದಲಾಯಿಸದೆ ಹಳೆಯ ಕಾರನ್ನು ದಾರಿಗಿಳಿಸುವುದು ಅಪಾಯ.

ಇವೆಲ್ಲಕ್ಕಿಂತ ಮನಸ್ಸನ್ನು ಹೆಚ್ಚು ಕುಂದಿಸುವುದು ಬಿಚ್ಚಿಟ್ಟ ಕಾರು. ಬಿಚ್ಚುವುದಕ್ಕೆ ಒಂದು ವಾರ ಸಾಕು. ಕೂಡಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ. ಯಾವ ತಿರುಪು ಎಲ್ಲಿಯದೆಂದು ಬರೆದಿಡದವನು, ಪ್ರತಿ ಹಂತದ ಚಿತ್ರ ತೆಗೆದಿಡದವನು, ಆರು ತಿಂಗಳ ಬಳಿಕ ತನ್ನದೇ ಡಬ್ಬಿಗಳ ಮುಂದೆ ಪರಕೀಯನಂತೆ ನಿಲ್ಲುತ್ತಾನೆ. ಅಷ್ಟರಲ್ಲಿ ಮಗಳ ಶಾಲೆಯ ಖರ್ಚು ಬರುತ್ತದೆ, ಮಳೆ ಬರುತ್ತದೆ, ಕಾರಿನ ಮೇಲೆ ತಾಡಪತ್ರಿ ಬೀಳುತ್ತದೆ. ಅನೇಕ ಹಳೆಯ ಕಾರುಗಳು ನಿಜವಾಗಿ ನಶಿಸುವುದು ಹೀಗೆ: ತುಕ್ಕಿನಿಂದಲ್ಲ, ಅರ್ಧಕ್ಕೆ ನಿಂತ ಪ್ರೀತಿಯಿಂದ.

ಕಾಗದಪತ್ರಗಳ ಕಾಟ ಬೇರೆ. 2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗೆ ಹೊಸ ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1980ರ ದಶಕದ ಡಾಲ್ಫಿನ್‌ಗಾದರೋ ಇನ್ನೂ 50 ತುಂಬಿಲ್ಲ. 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುತ್ತಾ ಅದು ಕಾಯಬೇಕು. ಇತ್ತಲಾಗಿ ಸೇತುವೆ ದಾಟಿ ಬಂದ ಕರ್ನಾಟಕದ ಕಾರು 12 ತಿಂಗಳಿಗಿಂತ ಹೆಚ್ಚು ಕಾಲ ತೆಲಂಗಾಣದಲ್ಲಿ ಉಳಿದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಗಡಿಯ ಮನೆಗಳಿಗೆ ಈ ಪರಿಪಾಟಲು ಹೊಸದೇನಲ್ಲ.

ಹಾಗಾದರೆ ಯಾರಾದರೂ ಈ ಕೆಲಸಕ್ಕೇಕೆ ಕೈಹಾಕುತ್ತಾರೆ? ಆ ಪ್ರಶ್ನೆಗೆ ಉತ್ತರ ಮಕ್ತಲ್‌ನಿಂದ ಸುಮಾರು 30 ಕಿಲೋಮೀಟರ್ ದೂರದ ನಾರಾಯಣಪೇಟೆಯ ಮಗ್ಗಗಳಲ್ಲಿ ಸಿಗುತ್ತದೆ. ಚೌಕುಳಿಯ ಒಡಲು, ಗೋಪುರದ ಸಾಲಿನ ಅಂಚು ಇವು ನಾರಾಯಣಪೇಟೆ ಸೀರೆಯ ಗುರುತು. ಇಲ್ಲಿ ಒಂದೇ ಉದ್ದನೆಯ ಹಾಸಿನಲ್ಲಿ ಎಂಟು ಸೀರೆಗಳನ್ನು ನೇಯುವ ರೂಢಿಯಿದೆ. ಹಾಸು ಮುಗಿಯುತ್ತ ಬಂದಾಗ ಕೈಮಗ್ಗದ ನೇಕಾರ ಹಳೆಯ ಎಳೆಗಳ ತುದಿಯನ್ನು ಅಚ್ಚಿನಲ್ಲಿಯೇ ಉಳಿಸಿಕೊಂಡು, ಅವಕ್ಕೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾನೆ. ಇದನ್ನು ಕೆಚ್ಚುವುದೆನ್ನುತ್ತಾರೆ. ಹಳೆಯ ಎಳೆ ಸೀರೆಯಾಗುವುದಿಲ್ಲ. ಆದರೆ ಹೊಸ ಎಳೆಗೆ ಅದರ ಜಾಗ ತೋರಿಸಿಕೊಡುತ್ತದೆ. ಅದನ್ನು ಕತ್ತರಿಸಿ ಎಸೆದರೆ ಇಡೀ ಅಚ್ಚನ್ನು ಮೊದಲಿನಿಂದ ಪೋಣಿಸಬೇಕು.

ಹಳೆಯ ಕಾರನ್ನು ಬಲ್ಲ ಕುಶಲಕರ್ಮಿ ಮುರಿದ ಭಾಗವನ್ನು ಎಸೆಯದಿರುವುದು ಇದೇ ಕಾರಣಕ್ಕೆ. ಸವೆದ ಬುಶ್, ಒಡೆದ ಕೊಂಡಿ, ಬಿರುಕುಬಿಟ್ಟ ಬಾಗಿಲಿನ ತುಂಡು ಇವೇ ಹೊಸದಕ್ಕೆ ಮಾದರಿ. ಅಂಗಡಿಯಲ್ಲಿ ಸಿಗದ ಬುಶ್ಶನ್ನು ಲೇತ್ ಯಂತ್ರದವನು ಹಿತ್ತಾಳೆಯ ಸರಳಿನಿಂದ ಕಡೆದುಕೊಡಬಲ್ಲ, ಆದರೆ ಅವನ ಕೈಗೆ ಹಳೆಯ ಬುಶ್ ಸಿಕ್ಕರೆ. ಫೈಬರ್ ಗ್ಲಾಸಿನ ಮೈಗಂತೂ ಕಾರ್ಖಾನೆಯ ಅಚ್ಚು ಇಲ್ಲವಾದ ಮೇಲೆ ಉಳಿದ ಕಾರೇ ಅಚ್ಚು. ಅದರ ಮೇಲೆ ಪಡಿಯಚ್ಚು ತೆಗೆದು ಕಾಣೆಯಾದ ಭಾಗವನ್ನು ಮತ್ತೆ ಎರೆಯುತ್ತಾರೆ. ಹೊರಗಿನವರಿಗೆ ಕಸವಾಗಿ ಕಂಡ ತುಂಡು ಮತ್ತೆ ಭಾಗವಾಗಿ ಹುಟ್ಟಿ ತನ್ನ ಜಾಗದಲ್ಲಿ ಅಲ್ಲಾಡದೆ ಕುಳಿತ ಗಳಿಗೆ ಈ ಕೆಲಸದ ದೊಡ್ಡ ಸಂಬಳ. ಮಾರಿದರೆ ಹಾಕಿದ ಹಣ ಹಿಂದಿರುಗುವುದು ಅಪರೂಪ. ಲಾಭಕ್ಕೆಂದು ಬಂದವರು ಬೇಗನೆ ಹೊರಟುಹೋಗುತ್ತಾರೆ.

ನಾರಾಯಣಪೇಟೆಯಿಂದ ಮಕ್ತಲ್‌ಗೆ ಮರಳಿ, ಅಲ್ಲಿಂದ ಜೂರಾಲಾ ಅಣೆಕಟ್ಟಿನ ಮೇಲೆ ಕೃಷ್ಣೆಯನ್ನು ಮತ್ತೊಮ್ಮೆ ದಾಟಿದರೆ ಗದ್ವಾಲ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಸೀಮೆಯನ್ನು ನಡಿಗಡ್ಡ ಎನ್ನುತ್ತಾರೆ. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಒಂದು ರಾಜ್ಯಕ್ಕೂ ತಾಲ್ಲೂಕು ಇನ್ನೊಂದಕ್ಕೂ ಹೋದವು. ಊರ ನಡುವಿನ ಕೋಟೆ 17ನೆಯ ಶತಮಾನದ್ದು. ಅದರೊಳಗೆ ಚೆನ್ನಕೇಶವನ ಗುಡಿಯಿದೆ, ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಹೆಸರಿನ ಸರಕಾರಿ ಕಾಲೇಜೂ ಇದೆ. ಸಂಸ್ಥಾನ ಹೋದ ಮೇಲೆಯೂ ಆ ಗೋಡೆಗಳ ನಡುವೆ ಪಾಠ ನಡೆಯಿತು.

ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಬೇರೆ ಗುಣದ ನೂಲುಗಳನ್ನು ಹೊಲಿಗೆಯಿಂದ ಕೂಡಿಸುವುದಿಲ್ಲ. ಒಡಲಿನ ಹೊಕ್ಕು ಅಂಚಿನ ಗಡಿಗೆ ಬಂದಾಗ ಅಂಚಿನ ಹೊಕ್ಕಿನೊಡನೆ ಕೊಂಡಿಹಾಕಿಕೊಂಡು ಹಿಂದಿರುಗುತ್ತದೆ. ಲಾಳಿಯ ಒಂದೊಂದು ಓಟಕ್ಕೂ ಒಂದೊಂದು ಕೊಂಡಿ. ಈ ನೇಯ್ಗೆಗೆ ಕುಪ್ಪಡಂ ಎಂಬ ಹೆಸರಿದೆ. ಹತ್ತಿ ಹತ್ತಿಯಾಗಿಯೇ, ರೇಷ್ಮೆ ರೇಷ್ಮೆಯಾಗಿಯೇ ಕಾಣುತ್ತದೆ. ಎಳೆದರೆ ಕೂಡು ಬಿಡುವುದಿಲ್ಲ.

ಹಳೆಯ ಕಾರನ್ನು ಸರಿಪಡಿಸುವವರ ನಡುವಿನ ಮುಗಿಯದ ವಾದಕ್ಕೆ ಇಲ್ಲಿ ಒಂದು ಬೆಳಕಿದೆ. ಎಷ್ಟು ಹೊಸದನ್ನು ಹಾಕಿದ ಮೇಲೆ ಅದು ಹಳೆಯ ಕಾರಾಗಿ ಉಳಿಯುವುದಿಲ್ಲ? ಒಬ್ಬರು ಮೂಲದ ತಿರುಪನ್ನೂ ಬದಲಾಯಿಸಕೂಡದೆನ್ನುತ್ತಾರೆ. ಇನ್ನೊಬ್ಬರು ಹೊಳೆಯುವ ಬಣ್ಣದಡಿ ಎಲ್ಲವನ್ನೂ ಹೊಸದಾಗಿಸುತ್ತಾರೆ. ಮೊದಲನೆಯವರ ಕಾರು ಓಡುವುದಿಲ್ಲ. ಎರಡನೆಯವರ ಕಾರು ಏನನ್ನೂ ನೆನಪಿಸುವುದಿಲ್ಲ. ಬ್ರೇಕಿನ ರಬ್ಬರು ಹೊಸದಿರಲಿ, ತಂತಿಗಳು ಹೊಸದಿರಲಿ, ಏಕೆಂದರೆ ಅವು ಜೀವ ಕಾಯುವಂಥವು. ಚಾಸಿ, ಎಂಜಿನ್, ಮೈಯ ರೂಪ ಹಳೆಯವೇ ಆಗಿರಲಿ. ಯಾವುದು ಹಳೆಯದು, ಯಾವುದು ಹೊಸದು ಎಂದು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ತೋರಿಸುವಂತಿರಲಿ.

ಗಾಜಿನಾಚೆಯ ವೈಭವವೂ ಒಂದಿದೆ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗೆಂದು ಮಾಡಿಸಿದ ಹಳದಿ ಬಣ್ಣದ ರೋಲ್ಸ್ ರಾಯ್ಸ್ ‘ಸಿಲ್ವರ್ ಘೋಸ್ಟ್’ ನಿಂತಿದೆ. ಅದು ಸಿದ್ಧವಾದದ್ದು 1912ರಲ್ಲಿ. ನಿಜಾಮರು 1911ರಲ್ಲಿಯೇ ತೀರಿಕೊಂಡಿದ್ದರು. ನೂರು ವರ್ಷ ಮೀರಿದರೂ ಅದು ಓಡಿರುವುದು ಕೆಲವೇ ನೂರು ಮೈಲಿಯೆಂದು ಹೇಳುತ್ತಾರೆ. ಮಕ್ಕಳು ನೋಡಲೇಬೇಕಾದ ಸುಂದರ ವಾಹನ. ಆದರೆ ಅದರ ಮುಂದೆ ನಿಂತ ಹುಡುಗ ಏನನ್ನೂ ಮುಟ್ಟಿ ಕಲಿಯಲಾರ. ತಂದೆಯ ಜೊತೆ ಗ್ಯಾರೇಜಿನಲ್ಲಿ ಬೆಳಕು ಹಿಡಿದು ನಿಂತ ಹುಡುಗಿಗೆ ಕಾರ್ಬ್ಯುರೇಟರಿನೊಳಗೆ ಗಾಳಿ ಪೆಟ್ರೋಲುಗಳು ಹೇಗೆ ಬೆರೆಯುತ್ತವೆಂಬುದು ಪಾಠಪುಸ್ತಕಕ್ಕಿಂತ ಮೊದಲೇ ಗೊತ್ತಾಗುತ್ತದೆ. ಹಳೆಯ ಕಾರಿಗೆ ಬೇಕಾದ ಕೊನೆಯ ಬಿಡಿಭಾಗ ಅವಳೇ. ಅದನ್ನು ಬಲ್ಲ ಕೈ ಇಲ್ಲವಾದ ದಿನ ಎಷ್ಟು ಚೆನ್ನಾಗಿ ಉಳಿಸಿದ ಎಂಜಿನ್ನೂ ಬರಿಯ ಲೋಹ.

ಗಡಿಯಾಚೆ ಕನ್ನಡವನ್ನು ಉಳಿಸಿಕೊಂಡ ಮನೆಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ವಾಲದಿಂದ ಮರಳುವ ಕಾರು ಸಂಜೆಗೆ ಮತ್ತೆ ಶಕ್ತಿನಗರದ ಸೇತುವೆಗೆ ಬರುತ್ತದೆ. ದಾರಿಯಲ್ಲಿ ಒಮ್ಮೆ ಕಾದು ನಿಂತಿರಬಹುದು, ಅರ್ಧಗಂಟೆ ನೆರಳಿನಲ್ಲಿ ತಣಿದಿರಬಹುದು. ದುರಸ್ತಿಯಾದ ಸೇತುವೆಯ ಮೇಲೆ ದುರಸ್ತಿಯಾದ ಕಾರು ಲಾರಿಗಳ ನಡುವೆ ತನ್ನ ಸರದಿಗೆ ಕಾದು, ನಿಧಾನವಾಗಿ ನದಿ ದಾಟುತ್ತದೆ.