ಮೊದಲ ಮೂರು ತಿಂಗಳು

ಮುಂಬಯಿಯಲ್ಲಿ ‘ಪುನರ್ವಸನ’ ಎಂದರೆ ಮೊದಲು ನೆನಪಾಗುವುದು ಝೋಪಡಪಟ್ಟಿ ಕೆಡವಿ ಕಟ್ಟಿದ ಎತ್ತರದ ಬಿಲ್ಡಿಂಗು. ಲಕ್ವ ಹೊಡೆದ ಕೈಕಾಲಿಗೆ ಮತ್ತೆ ನಡೆ ಕಲಿಸುವುದಕ್ಕೂ ಅದೇ ಪದ. ಕನ್ನಡದ ‘ಪುನರ್ವಸತಿ’ಯ ಪಾಡೂ ಅಷ್ಟೇ. ಈ ಎರಡನೆಯ ಕೆಲಸಕ್ಕೆಂದೇ ಹಾಜಿ ಅಲಿಯಲ್ಲಿ 1955ರಿಂದ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ಹತ್ತಿರದ ಸ್ಟೇಷನ್ ಮಹಾಲಕ್ಷ್ಮಿ. ವಿರಾರ್, ಕಲ್ಯಾಣ್ ಕಡೆಯವರಿಗೆ ಚಿಕಿತ್ಸೆಯ ಮೊದಲ ಮೆಟ್ಟಿಲು ಲೋಕಲ್‌ನ ಅಂಗವಿಕಲರ ಡಬ್ಬಿಯೇ.

2020ರ ಮಾರ್ಚ್‌ನಲ್ಲಿ ಆ ಡಬ್ಬಿ ನಿಂತಿತು. 25ರಂದು, ದೇಶಕ್ಕೆ ಬೀಗ ಬಿದ್ದ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿಯೂ ಬಂತು. ವೈದ್ಯರ ಸಲಹೆಗೆ ಫೋನು ಸಾಕು, ಸರಿ. ವ್ಯಾಯಾಮಕ್ಕೆ? ಹತ್ತಡಿಯ ಖೋಲಿಯಲ್ಲಿ ಐದು ಜನ. ಗಂಡನನ್ನು ಎಬ್ಬಿಸಿ ನಿಲ್ಲಿಸಲು ಹೆಂಡತಿಗೆ ಎರಡೂ ಕೈ ಬೇಕು. ಫೋನು ಹಿಡಿಯುವವರು ಯಾರು? ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟರೆ ಆಚೆಗಿದ್ದವರಿಗೆ ಕಾಣುವುದು ಮೊಣಕಾಲು ಮಾತ್ರ. ಜೊತೆಗೆ ಹೊಸಬರೂ ಸೇರಿಕೊಂಡರು: ಕೋವಿಡ್‌ನಿಂದ ಪಾರಾಗಿಯೂ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರು.

ಲಕ್ವದ ಚೇತರಿಕೆ ಹೆಚ್ಚಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಲೋಕಲ್ ನಿಂತಿದ್ದೂ ಸುಮಾರು ಅಷ್ಟೇ ಕಾಲ. ಜೂನ್ 15ರಂದು ಅದು ಮತ್ತೆ ಹೊರಟಿತು, ಅಗತ್ಯ ಸೇವೆಯ ನೌಕರರಿಗೆ ಮಾತ್ರ. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಹತ್ತಬಹುದಿತ್ತು. ಅವರ ರೋಗಿ ಹತ್ತುವಂತಿರಲಿಲ್ಲ.