ಹಿಸ್ಸೆ

ದೆಹಲಿಯಲ್ಲಿ ‘ಪಾರ್ಟಿಷನ್’ ಎಂಬ ಮಾತನ್ನು ಹಗುರವಾಗಿ ಆಡುವಂತಿಲ್ಲ. ಲಾಜಪತ್ ನಗರ, ರಾಜೇಂದ್ರ ನಗರಗಳು 1947ರ ನಂತರ ಆಚೆಯಿಂದ ಬಂದ ನಿರಾಶ್ರಿತರಿಗಾಗಿ ಎದ್ದ ಬಡಾವಣೆಗಳು. ಸರ್ವರ್ ನೋಡಿಕೊಳ್ಳುವ ನನಗೆ ಆ ಪದ ದಿನವೂ ಬೇಕು. ಹಾಗಾಗಿ ಮನಸ್ಸಿನಲ್ಲಿ ಅದನ್ನು ನಮ್ಮೂರಿನ ‘ಹಿಸ್ಸೆ’ ಎಂದುಕೊಳ್ಳುತ್ತೇನೆ. ಇರುವುದೊಂದೇ ಡಿಸ್ಕ್, ಕೇಳುವವರು ನಾಲ್ಕಾರು ಮಂದಿ.

2024ರ ಸೆಪ್ಟೆಂಬರಿನಲ್ಲಿ ನೋಯ್ಡಾದ ಒಂದು ರಕ್ತಪರೀಕ್ಷಾ ಕೇಂದ್ರದಿಂದ ಕರೆ ಬಂತು. ಡೆಂಗಿ ಕಾಲ. ಪ್ಲೇಟ್‌ಲೆಟ್ ಎಣಿಕೆಗಾಗಿ ಹೊರಗೆ ಜನ ಕಾದಿದ್ದಾರೆ, ವರದಿ ಮಾತ್ರ ಹೊರಬರುತ್ತಿಲ್ಲ. ಪರದೆಯ ಮೇಲೆ ಒಂದೇ ಮಾತು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್.’

500 ಜಿಬಿಯ ಡಿಸ್ಕಿನಲ್ಲಿ ಜಾಗವಿಲ್ಲವೆಂದರೆ ಹೇಗೆ? ಯಂತ್ರದಲ್ಲಿದ್ದದ್ದು ಸೆಂಟ್‌ಓಎಸ್ 7. ಅದರ ಇನ್‌ಸ್ಟಾಲರಿಗೆ ಹಿಸ್ಸೆಯ ಕೆಲಸ ಬಿಟ್ಟರೆ, ಡಿಸ್ಕ್ ಎಷ್ಟೇ ದೊಡ್ಡದಿರಲಿ, ಮೂಲಕ್ಕೆ, ಅಂದರೆ ರೂಟಿಗೆ, 50 ಜಿಬಿ ಕೊಟ್ಟು ಉಳಿದದ್ದನ್ನೆಲ್ಲ /ಹೋಮ್‌ಗೆ ಬರೆಯುತ್ತದೆ. ಸರ್ವರಿನಲ್ಲಿ /ಹೋಮ್ ಬಳಸುವವರೇ ಇಲ್ಲ. ಲಾಗ್, ಡೇಟಾಬೇಸ್, ಪ್ಯಾಕೇಜುಗಳ ಕ್ಯಾಶ್ ಎಲ್ಲವೂ ರೂಟಿನೊಳಗಿನ /ವಾರ್‌ನಲ್ಲಿ. ದುಡಿಯುವವನಿಗೆ ಮೂಲೆ ಕೋಣೆ, ಊರು ಬಿಟ್ಟವನಿಗೆ ಇಡೀ ಅಂಗಳ.

ಹಿಂದಿನ ರಾತ್ರಿ ಅಲ್ಲಿನ ಯಾರೋ ದೊಡ್ಡದೊಂದು ಲಾಗ್ ಅಳಿಸಿದ್ದರು. ಆದರೂ ಜಾಗ ಮರಳಿರಲಿಲ್ಲ. ಯುನಿಕ್ಸ್‌ನಲ್ಲಿ ಕಡತದ ಹೆಸರು ಅಳಿದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಕೈಬಿಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಹಿಡಿದಿರುವವರನ್ನು ತೋರಿಸುವ ‘ಎಲ್‌ಎಸ್‌ಓಎಫ್’ ಅಲ್ಲಿರಲಿಲ್ಲ. ಯಮ್ ಮೂಲಕ ತರಿಸಹೋದರೆ ಮಿರರ್‌ಗಳ ಪಟ್ಟಿಯೇ ಸಿಗದು: ಸೆಂಟ್‌ಓಎಸ್ 7ರ ಆಯುಷ್ಯ ಆ ವರ್ಷದ ಜೂನ್ 30ಕ್ಕೇ ಮುಗಿದಿತ್ತು. ಕೊನೆಗೆ /ಪ್ರಾಕ್ ಒಳಗೆ ‘ಡಿಲೀಟೆಡ್’ ಎಂದು ಗುರುತಾಗಿದ್ದ ಕಡತ ಹುಡುಕಿ, ಅದನ್ನು ಹಿಡಿದಿದ್ದ ಸೇವೆಯನ್ನು ಮರುಚಾಲನೆ ಮಾಡಿದೆ. ಜಾಗ ತೆರವಾಯಿತು, ವರದಿಗಳು ಹೊರಬಂದವು.

“ಆ ಖಾಲಿ ಜಾಗ ಈ ಕಡೆಗೆ ಕೊಟ್ಟುಬಿಡಿ ಭಾಯಿಸಾಬ್,” ಎಂದರು ಮೇಲ್ವಿಚಾರಕರು. ನ್ಯಾಯವಾದ ಮಾತೇ. ಆದರೆ ಆ ಪಾಲು ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯಲ್ಲಿತ್ತು. ಅದನ್ನು ಬೆಳೆಸಬಹುದು, ಅದೂ ಯಂತ್ರ ನಡೆಯುತ್ತಿರುವಾಗಲೇ, ಕುಗ್ಗಿಸಲಾಗದು. ಇಎಕ್ಸ್‌ಟಿ4 ಆದರೆ ಕಳಚಿಟ್ಟು ಕುಗ್ಗಿಸಬಹುದಿತ್ತು.

ಭಾನುವಾರ ಯಂತ್ರ ನಿಲ್ಲಿಸಿ, /ಹೋಮ್‌ನಲ್ಲಿದ್ದ ಅಷ್ಟಿಷ್ಟನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಆ ಪಾಲನ್ನೇ ಒಡೆದೆವು. ಎಲ್‌ವಿಎಂ ಇದ್ದದ್ದು ಪುಣ್ಯ: ಅದು ಡಿಸ್ಕನ್ನು ಮೊದಲು ಒಂದು ಗುಂಪಿಗೆ ಹಾಕಿ, ಬೇಕಾದಷ್ಟೇ ಅಳೆದು ಕೊಡಲು ಬಿಡುತ್ತದೆ. /ಹೋಮ್‌ಗೆ 50 ಜಿಬಿ, /ವಾರ್‌ಗೆ ಪ್ರತ್ಯೇಕವಾಗಿ 150. ಇನ್ನು ಮುಂದೆ ಲಾಗ್ ಉಕ್ಕಿದರೂ ರೂಟ್ ಮುಳುಗುವುದಿಲ್ಲ. ಪ್ಯಾಕೇಜುಗಳಿಗೆ ತಾತ್ಕಾಲಿಕವಾಗಿ ಸೆಂಟ್‌ಓಎಸ್‌ನ ವಾಲ್ಟ್ ತೋರಿಸಿದೆ. ಅಲ್ಲಿ ಹಳೆಯವು ಸಿಗುತ್ತವೆ, ಹೊಸ ಭದ್ರತಾ ತಿದ್ದುಪಡಿ ಬರುವುದಿಲ್ಲ. ಹೊಸ ವ್ಯವಸ್ಥೆಗೆ ಹೋಗಲೇಬೇಕು ಎಂದು ಬರೆದೂ ಕೊಟ್ಟೆ.

ಸುಮಾರು 200 ಜಿಬಿ ಯಾರ ಹೆಸರಿಗೂ ಬರೆಯದೆ ಉಳಿಸಿದೆ. “ಇದು ಯಾರದ್ದು?” ಎಂದು ಕೇಳಿದರು.

“ಇನ್ನೂ ಯಾರದ್ದೂ ಅಲ್ಲ,” ಎಂದೆ. “ಕೊಡುವುದು ಎರಡು ಆಜ್ಞೆಗಳ ಕೆಲಸ. ವಾಪಸ್ ಕೇಳುವುದಕ್ಕೆ ಏನಾಯಿತೆಂದು ಈಗಷ್ಟೇ ನೋಡಿದಿರಲ್ಲ.”