ಚಿನ್ನಿಯ ಕೆಮ್ಮು

ಡೊಂಬಿವಲಿಯ ನಮ್ಮ ಒಂದು ಕೋಣೆಯ ಮನೆಯಲ್ಲಿ ಅಜ್ಜಿ, ಅಮ್ಮ, ನಾನು, ಮತ್ತೆ 12 ವರ್ಷದ ಬೆಕ್ಕು ಚಿನ್ನಿ. ಈ ಮಳೆಗಾಲದಲ್ಲಿ ಅದಕ್ಕೆ ಕೆಮ್ಮು ಶುರುವಾಯಿತು. ನೆಲಕ್ಕೆ ಕುಗ್ಗಿ, ಕುತ್ತಿಗೆ ಮುಂದೆ ಚಾಚಿ ಖಕ್ ಖಕ್ ಅನ್ನುತ್ತಿತ್ತು. "ಕೂದಲು ನುಂಗಿದೆ ಮಾರಾಯ, ಕಕ್ಕಿದ್ರೆ ಸರಿಯಾಗ್ತದೆ" ಅಂದರು ಅಜ್ಜಿ. ಆದರೆ ಅದು ಏನನ್ನೂ ಕಕ್ಕಲಿಲ್ಲ.

ಕಾಮರ್ಸ್ ಓದುವವನಿಗೆ ಬರುವುದು ಲೆಕ್ಕ ಬರೆಯುವುದೊಂದೇ. ಮಿತ್ರರೇ, ನಗಬೇಡಿ, 15 ದಿನ ನೋಟ್‌ಬುಕ್ಕಿನಲ್ಲಿ ಬರೆದೆ: ಕೆಮ್ಮಿದ್ದು ಯಾವಾಗ, ನಿದ್ದೆಯಲ್ಲಿ ನಿಮಿಷಕ್ಕೆ ಉಸಿರು ಎಷ್ಟು. ಆರೋಗ್ಯದ ಬೆಕ್ಕಿಗೆ 30ರ ಒಳಗಿರಬೇಕು. ಚಿನ್ನಿಗೆ 38, 40. ಕೆಮ್ಮಿದ್ದೆಲ್ಲ ಹೆಚ್ಚಾಗಿ ಸಂಜೆ ಏಳರ ಮೇಲೆ. ಮಳೆಗೆ ಕಿಟಕಿ ಮುಚ್ಚಿ, ಅಜ್ಜನ ಫೋಟೋದ ಮುಂದೆ ಅಜ್ಜಿ ಧೂಪ ಹಾಕುವ ಹೊತ್ತು ಅದು.

ಪ್ರಾಣಿಗಳ ಡಾಕ್ಟರರು ನೋಟ್‌ಬುಕ್ ನೋಡಿದರು, ಎಕ್ಸ್‌ರೇ ತೆಗೆಸಿದರು. "ಆಸ್ತಮಾ. ಹೊಗೆ ಬೇಡ" ಅಂದರು. ಮಾತ್ರೆ ಬರೆದುಕೊಟ್ಟರು.

ಅಜ್ಜಿಗೆ ಹೇಗೆ ಹೇಳಲಿ? ಅಜ್ಜನೊಡನೆ ಅವರು ಮಾತಾಡುವುದೇ ಆ ಹೊತ್ತಿನಲ್ಲಿ. ಬಾಯಿ ಬರಲಿಲ್ಲ. ನೋಟ್‌ಬುಕ್ಕನ್ನೇ ಅವರ ಮುಂದಿಟ್ಟೆ. ಕನ್ನಡ ಶಾಲೆಯಲ್ಲಿ ಕಲಿತವನು, ಬರೆದದ್ದು ಕನ್ನಡದಲ್ಲೇ. ಅಜ್ಜಿ ಕನ್ನಡಕ ಹಾಕಿ ಪೂರ್ತಿ ಓದಿದರು. ಏನೂ ಹೇಳಲಿಲ್ಲ.

ಮರುದಿನ ಸಂಜೆ ಫೋಟೋದ ಮುಂದೆ ಎಣ್ಣೆಯ ದೀಪ ಮಾತ್ರ ಇತ್ತು.

"ನಿನ್ನ ಅಜ್ಜನೂ ಹೀಗೇ ಕೆಮ್ತಿದ್ರು ಮಗಾ" ಅಂದರು ಅಜ್ಜಿ, ಚಿನ್ನಿಯ ಬೆನ್ನು ಸವರುತ್ತ. "ಆಗ ಯಾರೂ ಬರೆದಿಡ್ಲಿಲ್ಲ."

ಮಾತ್ರೆ ನಡೆದಿದೆ. ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಈಗ ರಾತ್ರಿ ಉಸಿರು ಎಣಿಸುವವರು ಅಜ್ಜಿ, ಬರೆದುಕೊಳ್ಳುವವನು ನಾನು.